ಶಿಬಿರ ಬಂತು, ಹೋಯಿತು – ಮುಂದೇನು?



ಈ ತಿಂಗಳ ಪಾಠಕ್ಕೆ ನಾವು ಆರಿಸಿಕೊಂಡಿರುವುದು ನಿಮಗೆಲ್ಲ ಗೊತ್ತಿರುವ ವಿಷಯವೇ – ಉಚಿತ ಆರೋಗ್ಯ ಶಿಬಿರ. ನಮ್ಮ ಮಾತಿನಲ್ಲಿ ಹೇಳುವುದಾದರೆ 'ಕ್ಯಾಂಪು'. ಬೀರೂರು, ಕಡೂರು, ತರೀಕೆರೆ, ಅಜ್ಜಂಪುರದ ಸುತ್ತಿನ ಹಳ್ಳಿಗಳಲ್ಲಿ ಕ್ಯಾಂಪು ನೋಡದವರು ಕಡಿಮೆ. ಶಾಲೆಯ ಜಗಲಿಯಲ್ಲೋ ಸಮುದಾಯ ಭವನದಲ್ಲೋ ಶಾಮಿಯಾನ ಹಾಕುತ್ತಾರೆ. ದೂರದ ಊರಿನಿಂದ ಡಾಕ್ಟರರು, ನರ್ಸಮ್ಮಂದಿರು ವ್ಯಾನಿನಲ್ಲಿ ಬಂದು ಇಳಿಯುತ್ತಾರೆ. ಸಂಜೆಯ ಹೊತ್ತಿಗೆ ಎಲ್ಲರ ಕೈಯಲ್ಲೂ ಒಂದೊಂದು ಮಾತ್ರೆ ಪೊಟ್ಟಣ. ರಾತ್ರಿಯಾಗುವಷ್ಟರಲ್ಲಿ ವ್ಯಾನು ಹೊರಟುಹೋಗಿರುತ್ತದೆ.

ಆಮೇಲೆ? ಈ ಪಾಠ ಆ 'ಆಮೇಲೆ'ಯ ಬಗ್ಗೆ.

ನಾವು ಕಲಿತ ಪಾಠ

ಕೆಲವು ವರ್ಷಗಳ ಹಿಂದಿನ ಮಾತು. ಬೀರೂರಿನಿಂದ ಬಸ್ಸಿನಲ್ಲಿ ಮುಕ್ಕಾಲು ಗಂಟೆ ದೂರದ ಒಂದು ಹಳ್ಳಿಯಲ್ಲಿ ನಾವು ಎರಡು ದಿನದ ಶಿಬಿರ ಏರ್ಪಡಿಸಿದ್ದೆವು. ಸೇವೆ ಮಾಡಬೇಕೆಂಬ ಮನಸ್ಸಿನಿಂದ ರಜೆ ಹಾಕಿ ಬಂದ ಕ್ರೈಸ್ತ ವೈದ್ಯರ ತಂಡ ಅದು. ಒಳ್ಳೆಯ ಜನ. ಊಟಕ್ಕೂ ಏಳದೆ ರೋಗಿಗಳನ್ನು ನೋಡಿದರು.

ನಮ್ಮ ಸಂಘದ ಸದಸ್ಯೆ, ಐವತ್ತರ ಆಸುಪಾಸಿನ ಒಬ್ಬ ತಾಯಿ, ತಲೆನೋವು ಅಂತ ಬಂದರು. ಬಿ.ಪಿ. ನೋಡಿದರೆ 180/110. ಡಾಕ್ಟರು ಹತ್ತು ದಿನದ ಮಾತ್ರೆ ಕೊಟ್ಟರು. ಚೀಟಿಯಲ್ಲಿ, ಹತ್ತಿರದ ಆಸ್ಪತ್ರೆಗೆ ಹೋಗಿ ಚಿಕಿತ್ಸೆ ಮುಂದುವರಿಸಬೇಕು, ಮಾತ್ರೆ ನಿಲ್ಲಿಸಬಾರದು ಎಂದು ಇಂಗ್ಲಿಷಿನಲ್ಲಿ ಬರೆದರು. ಬಾಯಲ್ಲೂ ಹೇಳಿದರು. ಆದರೆ ಹಿಂದೆ ಸಾಲು ಉದ್ದವಿತ್ತು, ಗದ್ದಲವಿತ್ತು. ಆ ತಾಯಿ ತಲೆ ಅಲ್ಲಾಡಿಸಿ ಹೊರಟುಬಿಟ್ಟರು.

ಹತ್ತು ದಿನಕ್ಕೆ ಮಾತ್ರೆ ಖಾಲಿಯಾಯಿತು, ತಲೆನೋವೂ ಹೋಯಿತು. "ಗುಣ ಆಯ್ತಲ್ಲ, ಇನ್ಯಾಕೆ ಮಾತ್ರೆ" ಅಂದುಕೊಂಡು ಸುಮ್ಮನಾದರು.

ನಾಲ್ಕು ತಿಂಗಳ ಮೇಲೆ ಸಂಘದ ಸಭೆಗೆ ಹೋದಾಗ ಅವರು ಕಾಣಲಿಲ್ಲ. ಮನೆಗೆ ಹೋದೆವು. ಚಾಪೆಯ ಮೇಲೆ ಮಲಗಿದ್ದರು. ಬಲಗೈ, ಬಲಗಾಲು ಎರಡಕ್ಕೂ ಲಕ್ವ ಹೊಡೆದಿತ್ತು. ಮಾತು ತೊದಲುತ್ತಿತ್ತು. ಸೊಸೆ ದೇವರ ಪಟದ ಹಿಂದೆ ಸಿಕ್ಕಿಸಿದ್ದ ಚೀಟಿಯನ್ನು ತೆಗೆದು ನಮ್ಮ ಕೈಗೆ ಕೊಟ್ಟಳು. "ಸಿಸ್ಟರ್, ಇದರಲ್ಲಿ ಏನ್ ಬರೆದವ್ರೆ ಅಂತ ನಮಗೆ ಗೊತ್ತಾಗ್ಲೇ ಇಲ್ಲ. ಜೋಪಾನ ಮಾಡಿ ಇಟ್ಟಿದ್ವಿ ಅಷ್ಟೆ" ಅಂದಳು.

ಅಷ್ಟರಲ್ಲಿ ನಾವು ಶಿಬಿರದ ವರದಿ ಬರೆದು ಕಳಿಸಿಯೂ ಆಗಿತ್ತು. 'ಶಿಬಿರ ಯಶಸ್ವಿಯಾಗಿ ನೆರವೇರಿತು' ಎಂದು ಬರೆದಿದ್ದೆವು.

ಸಹೋದರಿಯರೇ, ತಪ್ಪು ಆ ತಾಯಿಯದಲ್ಲ. ಬಂದುಹೋದ ಡಾಕ್ಟರದೂ ಅಲ್ಲ, ಅವರು ಎರಡು ದಿನದ ಅತಿಥಿಗಳು. ಊರಲ್ಲಿ ಉಳಿದವರು ನಾವು. ವಾರ ವಾರ ಸಭೆ ಸೇರುವವರು ನಾವು. ಸಾಲದ ಕಂತು ಒಂದು ವಾರ ತಪ್ಪಿದರೆ ಮನೆ ಬಾಗಿಲಿಗೆ ಹೋಗಿ ಕೇಳುವ ನಮಗೆ, "ಅಕ್ಕಾ, ಮಾತ್ರೆ ತಗೊಂಡ್ರಾ?" ಅಂತ ಕೇಳಬೇಕು ಅನ್ನಿಸಲಿಲ್ಲ. ತಪ್ಪು ನಮ್ಮದು. ಆ ತಪ್ಪು ನಿಮ್ಮ ಊರಿನಲ್ಲಿ ಆಗಬಾರದೆಂದು ಇದನ್ನು ಬರೆಯುತ್ತಿದ್ದೇವೆ.

ಈ ಸೇವೆ ಎಲ್ಲಿಂದ ಬಂತು?

ರೋಗಿಗಳ ಆರೈಕೆ ಕ್ರೈಸ್ತ ಸಂಘ ಸಂಸ್ಥೆಗಳು ಮೊದಲಿನಿಂದ ಮಾಡಿಕೊಂಡು ಬಂದ ಸೇವೆ. ನಮ್ಮ ಕರ್ನಾಟಕದಲ್ಲೇ ನೋಡಿ. ಜರ್ಮನಿಯಲ್ಲಿ ಹುಟ್ಟಿದ ಯೇಸುಸಭೆಯ ಫಾದರ್ ಅಗಸ್ಟಸ್ ಮುಲ್ಲರ್ ಅವರು 1880ರಲ್ಲಿ ಮಂಗಳೂರಿನಲ್ಲಿ ಬಡವರಿಗೆ ಹೋಮಿಯೋಪತಿ ಔಷಧ ಕೊಡಲು ಆರಂಭಿಸಿದರು. 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯ ಕಟ್ಟಿದರು. 1910ರಲ್ಲಿ ತೀರಿಕೊಳ್ಳುವ ತನಕ ಅಲ್ಲೇ ಇದ್ದರು. ಸಣ್ಣ ಔಷಧ ಪೆಟ್ಟಿಗೆಯಿಂದ ಶುರುವಾದದ್ದು ಇಂದು ಕಂಕನಾಡಿಯ ದೊಡ್ಡ ಆಸ್ಪತ್ರೆಯಾಗಿದೆ. ಮೈಸೂರಿನಲ್ಲಿ ಪ್ರಾಟೆಸ್ಟಂಟ್ ಸಭೆಯವರು 1906ರಲ್ಲಿ ಹೋಲ್ಡ್ಸ್‌ವರ್ತ್ ಆಸ್ಪತ್ರೆ ತೆರೆದರು. ಜನ ಅದನ್ನು ಇಂದಿಗೂ 'ಮಿಷನ್ ಆಸ್ಪತ್ರೆ' ಎನ್ನುತ್ತಾರೆ.

ಇನ್ನೊಬ್ಬರ ವಿಷಯ ನಮ್ಮ ಸಂಘದ ಹೆಂಗಸರು ತಿಳಿದಿರಬೇಕು. ಆಸ್ಟ್ರೇಲಿಯಾದ ಡಾಕ್ಟರ್ ಸಿಸ್ಟರ್ ಮೇರಿ ಗ್ಲೌರಿ. ಇವರು 1920ರಲ್ಲಿ ಆಂಧ್ರದ ಗುಂಟೂರಿಗೆ ಬಂದರು. ಆಗ ಕನ್ಯಾಸ್ತ್ರೀಯರು ವೈದ್ಯ ವೃತ್ತಿ ಮಾಡಲು ಸಭೆಯ ನಿಯಮ ಅಡ್ಡಿಯಾಗಿತ್ತು. ಇವರಿಗೆ ಪೋಪರಿಂದ ವಿಶೇಷ ಅನುಮತಿ ಬೇಕಾಯಿತು. 1936ರಲ್ಲಿ ರೋಮ್ ಆ ನಿಯಮವನ್ನು ಸಡಿಲಿಸಿತು. ಸಿಸ್ಟರ್ ಗ್ಲೌರಿ ತಾವೊಬ್ಬರೇ ರೋಗಿಗಳನ್ನು ನೋಡಿ ಸುಮ್ಮನಾಗಲಿಲ್ಲ. ಅಲ್ಲಿನ ಹೆಣ್ಣುಮಕ್ಕಳಿಗೇ ದಾದಿಯರ ಕೆಲಸ, ಹೆರಿಗೆಯ ಕೆಲಸ, ಔಷಧ ಕೊಡುವ ಕೆಲಸ ಕಲಿಸಿದರು. 1943ರಲ್ಲಿ ದೇಶದ ಕಥೋಲಿಕ ಆಸ್ಪತ್ರೆಗಳನ್ನು ಒಂದುಗೂಡಿಸುವ ಸಂಘ ಕಟ್ಟಿದರು. 1957ರಲ್ಲಿ ಬೆಂಗಳೂರಿನಲ್ಲಿ ನಿಧನರಾದರು.

ಇವರೆಲ್ಲ ಬಂದವರು, ಬಂದು ಉಳಿದವರು. ಈಗ ಕಾಲ ಬೇರೆ. ಕೆಲಸದಲ್ಲಿರುವ ಡಾಕ್ಟರರು ಒಂದು ವಾರವೋ ಎರಡು ದಿನವೋ ಬಿಡುವು ಮಾಡಿಕೊಂಡು ಬರುತ್ತಾರೆ. ಬೆಂಗಳೂರು, ಮಂಗಳೂರಿನಿಂದ ಬರುತ್ತಾರೆ, ಕೆಲವು ಊರುಗಳಿಗೆ ಹೊರದೇಶದಿಂದಲೂ ಬರುತ್ತಾರೆ. ಅವರ ಒಳ್ಳೆಯ ಮನಸ್ಸಿಗೆ ನಾವು ಕೃತಜ್ಞರು. ಆದರೆ ಬಂದುಹೋಗುವ ಸೇವೆ ಬೇರೆ, ಉಳಿದು ಮಾಡುವ ಸೇವೆ ಬೇರೆ. ಬಂದುಹೋಗುವವರು ಆರಂಭಿಸಿದ್ದನ್ನು ಊರಲ್ಲಿ ಉಳಿದವರು ಮುಂದುವರಿಸದಿದ್ದರೆ ಅದು ಅಲ್ಲಿಗೇ ನಿಂತುಹೋಗುತ್ತದೆ.

ಲೂಕನ ಶುಭಸಂದೇಶದಲ್ಲಿ ಯೇಸುಸ್ವಾಮಿ ಹೇಳಿದ ಸಮಾರಿಯ ನಾಡಿನವನ ಕಥೆ ನಿಮ್ಮಲ್ಲಿ ಹಲವರು ಕೇಳಿದ್ದೀರಿ. ಕಳ್ಳರ ಕೈಗೆ ಸಿಕ್ಕಿ ದಾರಿಯಲ್ಲಿ ಬಿದ್ದಿದ್ದವನ ಗಾಯಕ್ಕೆ ಅವನು ಎಣ್ಣೆ ಹಚ್ಚಿ ಪಟ್ಟಿ ಕಟ್ಟಿದ. ಅಷ್ಟಕ್ಕೇ ಬಿಡಲಿಲ್ಲ. ಛತ್ರಕ್ಕೆ ಸೇರಿಸಿದ, ಛತ್ರದವನಿಗೆ ಎರಡು ನಾಣ್ಯ ಕೊಟ್ಟ, ಹೆಚ್ಚು ಖರ್ಚಾದರೆ ಹಿಂತಿರುಗುವಾಗ ಕೊಡುವೆನೆಂದ. ಪಟ್ಟಿ ಕಟ್ಟಿದ್ದು ಒಂದು ಗಳಿಗೆಯ ಕೆಲಸ. ಗುಣವಾಗುವ ತನಕ ನೋಡಿಕೊಂಡವನು ಆ ಛತ್ರದವನು. ಶಿಬಿರದ ವಿಷಯದಲ್ಲಿ ಛತ್ರದವರ ಜಾಗದಲ್ಲಿ ಇರುವವರು ನೀವು, ನಾವು.

ಶಿಬಿರದಿಂದ ಏನಾಗುತ್ತದೆ, ಏನಾಗುವುದಿಲ್ಲ?

ಆಗುವ ಕೆಲಸಗಳು:
1. ನಮಗೆ ಗೊತ್ತಿಲ್ಲದೆ ಒಳಗೇ ಇರುವ ಕಾಯಿಲೆ ಪತ್ತೆಯಾಗುತ್ತದೆ. ಬಿ.ಪಿ., ಸಕ್ಕರೆ ಕಾಯಿಲೆ, ರಕ್ತಹೀನತೆ, ಕಣ್ಣಿನ ಪೊರೆ – ಇವು ಮೊದಮೊದಲು ನೋವು ಕೊಡುವುದಿಲ್ಲ, ಹಾಗಾಗಿ ನಾವಾಗಿ ಆಸ್ಪತ್ರೆಗೆ ಹೋಗುವುದಿಲ್ಲ.
2. ಕನ್ನಡಕ, ಹಲ್ಲು, ಚರ್ಮದ ತೊಂದರೆ ಮುಂತಾದವಕ್ಕೆ ಸಲಹೆ ಸಿಗುತ್ತದೆ.
3. ಮನೆಯಲ್ಲಿ ಹೇಳಲಾಗದ ಮಾತನ್ನು ಮಹಿಳಾ ಡಾಕ್ಟರ ಮುಂದೆ ಹೇಳಿಕೊಳ್ಳಲು ಒಂದು ಅವಕಾಶ. ಬಿಳಿ ಸೆರಗು, ಗರ್ಭಕೋಶ ಜಾರುವುದು, ಎದೆಯಲ್ಲಿ ಗಂಟು – ಎಷ್ಟೋ ಹೆಂಗಸರು ವರ್ಷಗಟ್ಟಲೆ ಮುಚ್ಚಿಟ್ಟುಕೊಂಡಿರುತ್ತಾರೆ.

ಆಗದ ಕೆಲಸಗಳು:
1. ಬಿ.ಪಿ., ಶುಗರ್ ಇಂಥವು ಹತ್ತು ದಿನದ ಮಾತ್ರೆಯಿಂದ ಹೋಗುವ ಕಾಯಿಲೆಗಳಲ್ಲ. ತಿಂಗಳು ತಿಂಗಳು ನೋಡಿಸಬೇಕು.
2. ಕ್ಷಯರೋಗ, ಕ್ಯಾನ್ಸರ್, ಹೃದಯದ ಕಾಯಿಲೆ ಇದೆಯೇ ಎಂದು ಮೇಜಿನ ಮುಂದೆ ಎರಡು ನಿಮಿಷದಲ್ಲಿ ನಿರ್ಧಾರ ಮಾಡಲಾಗುವುದಿಲ್ಲ. ಪರೀಕ್ಷೆಗಳು ಬೇಕು.
3. ಶಾಲೆಯ ಕೊಠಡಿಯಲ್ಲಿ ಆಪರೇಷನ್ ಮಾಡುವಂತಿಲ್ಲ.

ಈ ಮೂರನೆಯದರ ಬಗ್ಗೆ ಒಂದು ಮಾತು. ಕಣ್ಣಿನ ಶಿಬಿರ ಎಂದರೆ ನಮ್ಮ ಹಿರಿಯರಿಗೆ ಡಾ. ಎಂ. ಸಿ. ಮೋದಿಯವರ ನೆನಪಾಗುತ್ತದೆ. 2005ರಲ್ಲಿ ತೀರಿಕೊಂಡ ಅವರು ಊರೂರು ತಿರುಗಿ ಲಕ್ಷಾಂತರ ಬಡವರ ಕಣ್ಣಿನ ಪೊರೆ ತೆಗೆದವರು. ಆ ಕಾಲದಲ್ಲಿ ಹಳ್ಳಿಯವರಿಗೆ ಬೇರೆ ದಾರಿಯೇ ಇರಲಿಲ್ಲ. ಆದರೆ ತಾತ್ಕಾಲಿಕ ಜಾಗಗಳಲ್ಲಿ ಆಪರೇಷನ್ ಮಾಡಿದರೆ ಕಣ್ಣಿಗೆ ಸೋಂಕು ತಗಲುವ ಅಪಾಯ ಹೆಚ್ಚು. ಆದ್ದರಿಂದ ಪದ್ಧತಿ ಬದಲಾಗಿದೆ. ಈಗ ಊರಲ್ಲಿ ಪರೀಕ್ಷೆ ಮಾತ್ರ. ಆಪರೇಷನ್‌ಗೆ ಆಸ್ಪತ್ರೆಗೇ ಕರೆದೊಯ್ಯಬೇಕು. ಯಾರಾದರೂ "ಇಲ್ಲೇ ಮಾಡಿಬಿಡ್ತೀವಿ" ಅಂದರೆ ಒಪ್ಪಬೇಡಿ.

ಗಾಳಿ ಬಂದಾಗ ತೂರಿಕೋ

ಈ ಗಾದೆ ನಮಗೆಲ್ಲ ಗೊತ್ತು. ಆದರೆ ಕಣ ಸಾರಿಸದೆ, ರಾಗಿ ಬಡಿಯದೆ ಕೂತವರಿಗೆ ಗಾಳಿ ಬಂದು ಏನು ಪ್ರಯೋಜನ? ಶಿಬಿರವೂ ಗಾಳಿಯಂತೆಯೇ. ನಮ್ಮ ಸಿದ್ಧತೆ ಮೊದಲೇ ಇದ್ದರೆ ಮಾತ್ರ ಲಾಭ. ಅದಕ್ಕೆ ಸಂಘದ ಕೆಲಸವನ್ನು ಮೂರು ಭಾಗ ಮಾಡಿಕೊಳ್ಳೋಣ.

ಒಂದು: ಶಿಬಿರಕ್ಕೆ ಮೊದಲು

ದಿನ ಗೊತ್ತು ಮಾಡುವಾಗ ಸಂಘವನ್ನು ಕೇಳಬೇಕು ಅಂತ ಹೇಳಿ. ರಾಗಿ ಕೊಯ್ಲು, ಅಡಿಕೆ ಸುಲಿಯುವ ದಿನಗಳಲ್ಲಿ, ಸಂತೆಯ ದಿನ ಶಿಬಿರ ಇಟ್ಟರೆ ಕೂಲಿ ಬಿಟ್ಟು ಯಾರು ಬರುತ್ತಾರೆ? ಬರುವವರು ಬಿಡುವಿದ್ದವರು. ನಿಜವಾಗಿ ಬರಬೇಕಾದವರು ಹೊಲದಲ್ಲೇ ಇರುತ್ತಾರೆ.

ತಂಡದವರನ್ನು ಮರ್ಯಾದೆಯಿಂದಲೇ ಈ ಪ್ರಶ್ನೆ ಕೇಳಿ: ಬರುವ ಡಾಕ್ಟರರು ನೋಂದಣಿ ಆದವರೇ? ಯಾವ ಯಾವ ಕಾಯಿಲೆ ನೋಡುತ್ತಾರೆ? ಮಹಿಳಾ ಡಾಕ್ಟರು ಇದ್ದಾರೆಯೇ? ಕಾಯಿಲೆ ಪತ್ತೆಯಾದವರನ್ನು ಮುಂದೆ ಎಲ್ಲಿಗೆ ಕಳಿಸುತ್ತಾರೆ? ಅಲ್ಲಿನ ಖರ್ಚು ಯಾರದು? ಹೊರದೇಶದ ಡಾಕ್ಟರರು ಭಾರತದಲ್ಲಿ ಚಿಕಿತ್ಸೆ ಕೊಡಬೇಕಾದರೆ ರಾಷ್ಟ್ರೀಯ ವೈದ್ಯಕೀಯ ಆಯೋಗದ ತಾತ್ಕಾಲಿಕ ಅನುಮತಿ ಬೇಕು. ಅದನ್ನು ಪಡೆಯುವುದು ಏರ್ಪಡಿಸುವವರ ಜವಾಬ್ದಾರಿ. ಕೇಳಿದರೆ ಬೇಜಾರು ಮಾಡಿಕೊಳ್ಳುತ್ತಾರೆ ಎಂಬ ಸಂಕೋಚ ಬೇಡ. ಒಳ್ಳೆಯ ತಂಡದವರು ಸಂತೋಷದಿಂದಲೇ ಉತ್ತರ ಕೊಡುತ್ತಾರೆ.

ಆಶಾ ಕಾರ್ಯಕರ್ತೆಗೂ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ಮೊದಲೇ ತಿಳಿಸಿ. ಶಿಬಿರ ಮುಗಿದ ಮೇಲೆ ನಾವು ಹೋಗುವುದು ಅವರ ಹತ್ತಿರವೇ.

ಮನೆಯಿಂದ ಹೊರಡಲಾಗದವರ ಪಟ್ಟಿ ಮಾಡಿ. ಮುದುಕರು, ಅಂಗವಿಕಲರು, ಬಾಣಂತಿಯರು, ಮನೆಯಲ್ಲಿ ಬಿಡದ ಸೊಸೆಯಂದಿರು. ಅವರನ್ನು ಕರೆತರುವ ಹೊಣೆ ಒಬ್ಬೊಬ್ಬ ಸದಸ್ಯೆ ವಹಿಸಿಕೊಳ್ಳಲಿ.

ಎರಡು: ಶಿಬಿರದ ದಿನ

ಈಗಾಗಲೇ ನುಂಗುತ್ತಿರುವ ಮಾತ್ರೆಗಳನ್ನು, ಹಳೆಯ ಚೀಟಿಗಳನ್ನು ಚೀಲದಲ್ಲಿ ಹಾಕಿಕೊಂಡು ಬರಲು ಎಲ್ಲರಿಗೂ ಹೇಳಿ. ಎಷ್ಟೋ ಜನ ಆಸ್ಪತ್ರೆಯ ಮಾತ್ರೆ ಒಂದು ಕಡೆ, ಕ್ಯಾಂಪಿನ ಮಾತ್ರೆ ಒಂದು ಕಡೆ, ಎರಡನ್ನೂ ನುಂಗುತ್ತಾರೆ. ಒಂದೇ ಔಷಧ ಎರಡು ಹೆಸರಿನಲ್ಲಿ ಇರಬಹುದು. ಅದು ಅಪಾಯ.

"ಒಂದು ಸೂಜಿ ಹಾಕಿ ಡಾಕ್ಟ್ರೇ", "ಒಂದು ಬಾಟ್ಲಿ ಗ್ಲೂಕೋಸ್ ಏರಿಸಿ" ಅಂತ ಒತ್ತಾಯ ಮಾಡಬೇಡಿ. ಸೂಜಿ ಹಾಕದ ಡಾಕ್ಟರು ಕೆಟ್ಟ ಡಾಕ್ಟರು ಅಲ್ಲ.

ಹೆಂಗಸರ ಪರೀಕ್ಷೆಗೆ ಪರದೆ ಕಟ್ಟಿದ ಜಾಗ ಬೇಕೇ ಬೇಕು. ಇಲ್ಲದಿದ್ದರೆ ನಾಲ್ಕು ಸೀರೆ ತಂದು ನೀವೇ ಕಟ್ಟಿ.

ಡಾಕ್ಟರಿಗೆ ಕನ್ನಡ ಬಾರದಿದ್ದರೆ ಮಾತು ತಿಳಿಸಿ ಹೇಳಲು ಸಂಘದ ಒಬ್ಬರು ಪಕ್ಕದಲ್ಲಿರಲಿ. ಆದರೆ ಅಲ್ಲಿ ಕೇಳಿದ್ದು ಅಲ್ಲೇ ಉಳಿಯಬೇಕು. ಒಬ್ಬಳ ಕಾಯಿಲೆ ನಲ್ಲಿ ಹತ್ತಿರದ ಮಾತಾದರೆ, ಮುಂದಿನ ಸಲ ಯಾರೂ ಬಾಯಿ ಬಿಡುವುದಿಲ್ಲ. ಗಂಡನೋ ಅತ್ತೆಯೋ ಪಕ್ಕದಲ್ಲಿ ನಿಂತರೆ ಕೆಲವರು ಸತ್ಯ ಹೇಳುವುದಿಲ್ಲ, ಅದನ್ನೂ ಗಮನಿಸಿ.

ಅರ್ಥವಾಗದ ಕಾಗದಕ್ಕೆ ಹೆಬ್ಬೆಟ್ಟು ಒತ್ತಬೇಡಿ. ಅನುಮತಿ ಇಲ್ಲದೆ ರೋಗಿಯ ಫೋಟೋ ತೆಗೆಯಲು ಬಿಡಬೇಡಿ. ಮಾತ್ರೆಯ ಮೇಲಿನ ಅವಧಿ ಮುಗಿಯುವ ತಾರೀಖನ್ನು ಓದು ಬಲ್ಲ ಹೆಣ್ಣುಮಕ್ಕಳಿಂದ ಓದಿಸಿ.

ಹೊರಡುವ ಮುಂಚೆ ಪ್ರತಿಯೊಬ್ಬರೂ ಮೂರು ಪ್ರಶ್ನೆಗೆ ಉತ್ತರ ಪಡೆದಿರಬೇಕು: ನನಗೆ ಏನಾಗಿದೆ? ಈ ಮಾತ್ರೆ ಎಷ್ಟು ದಿನ? ಮುಗಿದ ಮೇಲೆ ಎಲ್ಲಿಗೆ ಹೋಗಬೇಕು? ಉತ್ತರವನ್ನು ಕನ್ನಡದಲ್ಲಿ ಚೀಟಿಯ ಹಿಂದೆ ಬರೆಸಿಕೊಳ್ಳಿ.

ಮೂರು: ಶಿಬಿರದ ಮೇಲೆ

ನಿಜವಾದ ಕೆಲಸ ಇಲ್ಲಿಂದ ಶುರು. ಉಳಿತಾಯಕ್ಕೆ ಒಂದು ಪುಸ್ತಕ, ಸಾಲಕ್ಕೆ ಒಂದು ಪುಸ್ತಕ ಇಟ್ಟ ಹಾಗೆ ಆರೋಗ್ಯಕ್ಕೂ ಒಂದು ನೋಟ್‌ಬುಕ್ ಇಡಿ. ಐದು ಕಾಲಂ ಹಾಕಿ: ಹೆಸರು, ಎಲ್ಲಿಗೆ ಹೋಗಬೇಕು, ಯಾವ ತಾರೀಖಿನೊಳಗೆ, ಜೊತೆಗೆ ಯಾರು, ಹೋಗಿ ಬಂದರೇ. ಕಾಯಿಲೆಯ ಹೆಸರು ಬರೆಯುವುದು ಬೇಡ. ಅದು ಅವರ ಸ್ವಂತ ವಿಷಯ. ಕೊನೆಯ ಕಾಲಂ ತುಂಬುವ ತನಕ ಆ ಹೆಸರನ್ನು ಬಿಡಬೇಡಿ.

ಆ ತಾಯಿಗೆ ಹಾಗಾದ ಮೇಲೆ ನಾವು ಇದನ್ನು ಆರಂಭಿಸಿದೆವು. ಸುಲಭವಾಗಿರಲಿಲ್ಲ. ಮೊದಲ ಪುಸ್ತಕ ಎರಡು ತಿಂಗಳಿಗೇ ಮೂಲೆ ಸೇರಿತು. ಆಮೇಲೆ ವಾರದ ಸಭೆಯಲ್ಲಿ ಹಾಜರಿ ಕರೆದ ಕೂಡಲೇ ಆರೋಗ್ಯ ಪುಸ್ತಕ ತೆಗೆಯಬೇಕು ಅಂತ ನಿರ್ಣಯ ಮಾಡಿದೆವು. ಆಗ ನಡೆಯಿತು. ಒಬ್ಬ ಎಳೆ ವಯಸ್ಸಿನ ಸದಸ್ಯೆಗೆ ಶಿಬಿರದಲ್ಲಿ ರಕ್ತ ಕಡಿಮೆ ಎಂದು ಗೊತ್ತಾಗಿತ್ತು. ಕಬ್ಬಿಣದ ಮಾತ್ರೆ ಕೊಟ್ಟಿದ್ದರು. ಎರಡನೇ ವಾರ ಕೇಳಿದಾಗ ತಲೆ ತಗ್ಗಿಸಿ, "ಮಲ ಕಪ್ಪಗೆ ಬಂತು ಸಿಸ್ಟರ್, ಹೆದರ್ಕೊಂಡು ಬಿಟ್ಬಿಟ್ಟೆ" ಅಂದಳು. ಕಬ್ಬಿಣದ ಮಾತ್ರೆ ನುಂಗಿದರೆ ಹಾಗಾಗುವುದು ಸಹಜ, ಹೆದರಬೇಕಾಗಿಲ್ಲ; ಹೊಟ್ಟೆ ತೊಳಸಿದರೆ ಊಟದ ಮೇಲೆ ತೆಗೆದುಕೊಳ್ಳಬೇಕು; ಮಾತ್ರೆಯ ಜೊತೆ ಟೀ, ಕಾಫಿ ಕುಡಿಯಬಾರದು, ನಿಂಬೆಹಣ್ಣಿನ ಪಾನಕ ಒಳ್ಳೆಯದು – ಇಷ್ಟು ಹೇಳಿದ್ದಕ್ಕೆ ಮತ್ತೆ ಶುರು ಮಾಡಿದಳು. ಶಿಬಿರದಲ್ಲಿ ಮಾತ್ರೆ ಸಿಕ್ಕಿತ್ತು. ಆದರೆ ಅದು ಅವಳ ಮೈಗೆ ಹತ್ತಿದ್ದು ಸಭೆಯಲ್ಲಿ ಕೇಳಿದ ಒಂದು ಪ್ರಶ್ನೆಯಿಂದ.

ನೆನಪಿಡಬೇಕಾದ ಅಂಕಿಗಳು

ಸಂಘದ ಗೋಡೆಗೆ ಬರೆದು ಅಂಟಿಸಿ:
– ಬಿ.ಪಿ.: ಬೇರೆ ಬೇರೆ ದಿನ ನೋಡಿದಾಗಲೂ 140/90 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಡಾಕ್ಟರಿಗೆ ತೋರಿಸಬೇಕು.
– ಸಕ್ಕರೆ: ಬರಿಹೊಟ್ಟೆಯಲ್ಲಿ 126 ಅಥವಾ ಹೆಚ್ಚು, ಇಲ್ಲವೇ ಯಾವುದೇ ಹೊತ್ತಿನಲ್ಲಿ 200 ಅಥವಾ ಹೆಚ್ಚು ಇದ್ದರೆ ಮತ್ತೆ ಪರೀಕ್ಷೆ ಮಾಡಿಸಿ ಖಚಿತಪಡಿಸಿಕೊಳ್ಳಬೇಕು.
– ರಕ್ತ (ಹಿಮೋಗ್ಲೋಬಿನ್): ಹೆಂಗಸರಿಗೆ 12, ಬಸುರಿಯರಿಗೆ 11ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ.
– ಕೆಮ್ಮು: ಎರಡು ವಾರ ದಾಟಿದರೆ ಕಫ ಪರೀಕ್ಷೆ. ಕ್ಷಯರೋಗದ ಪರೀಕ್ಷೆ, ಔಷಧ ಎರಡೂ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ.
– ಚರ್ಮದ ಮೇಲೆ ಸ್ಪರ್ಶ ಗೊತ್ತಾಗದ ಮಚ್ಚೆ: ಕುಷ್ಠರೋಗ ಇರಬಹುದು. ಬೇಗ ತೋರಿಸಿದರೆ ಅಂಗವಿಕಲತೆ ಇಲ್ಲದೆ ಗುಣವಾಗುತ್ತದೆ. ಔಷಧ ಉಚಿತ.
– ಎದೆಯಲ್ಲಿ ಗಂಟು, ಮುಟ್ಟು ನಿಂತ ಮೇಲೆ ರಕ್ತ ಹೋಗುವುದು: ನಾಚಿಕೆ ಬಿಟ್ಟು ಕೂಡಲೇ ತೋರಿಸಿ.

ಶಿಬಿರಕ್ಕಾಗಿ ಕಾಯಬೇಡಿ

ಇನ್ನೊಂದು ಅಪಾಯವನ್ನು ನಾವು ಹಳ್ಳಿಗಳಲ್ಲಿ ಕಂಡಿದ್ದೇವೆ. "ಮುಂದಿನ ತಿಂಗಳು ಕ್ಯಾಂಪ್ ಬರುತ್ತಂತೆ, ಆಗ ತೋರಿಸ್ತೀನಿ" ಅಂತ ಕೂರುವುದು. ಉಚಿತ ಅನ್ನುವುದು ನಮ್ಮನ್ನು ಸೋಮಾರಿ ಮಾಡಬಾರದು. ಎದೆನೋವು, ಹಾವು ಕಚ್ಚುವುದು, ಬಸುರಿಯರಿಗೆ ರಕ್ತಸ್ರಾವ ಅಥವಾ ಫಿಟ್ಸ್, ಇದ್ದಕ್ಕಿದ್ದಂತೆ ಬಾಯಿ ಸೊಟ್ಟಗಾಗುವುದು, ಒಂದು ಕೈ ಸೋಲುವುದು, ಮಾತು ತೊದಲುವುದು – ಇವಕ್ಕೆ ಗಳಿಗೆಯೂ ಕಾಯಬಾರದು. 108ಕ್ಕೆ ಫೋನ್ ಮಾಡಿ. ಲಕ್ವದ ಲಕ್ಷಣ ಕಂಡ ಕೆಲವೇ ಗಂಟೆಗಳೊಳಗೆ ಸರಿಯಾದ ಆಸ್ಪತ್ರೆ ಸೇರಿದರೆ ಮೆದುಳನ್ನು ಉಳಿಸುವ ಚಿಕಿತ್ಸೆ ಇದೆ. ತಡವಾದರೆ ಇಲ್ಲ.

ಉಳಿದ ದಿನಗಳಿಗೆ ನಮ್ಮ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರವಿದೆ, ಕಡೂರು ಮತ್ತು ತರೀಕೆರೆಯಲ್ಲಿ ತಾಲ್ಲೂಕು ಆಸ್ಪತ್ರೆ ಇದೆ, ಚಿಕ್ಕಮಗಳೂರಿನಲ್ಲಿ ಜಿಲ್ಲಾ ಆಸ್ಪತ್ರೆ, ಶಿವಮೊಗ್ಗದಲ್ಲಿ ಮೆಗ್ಗಾನ್ ಆಸ್ಪತ್ರೆ ಇದೆ. 30 ವರ್ಷ ದಾಟಿದವರಿಗೆ ಬಿ.ಪಿ., ಶುಗರ್ ಪರೀಕ್ಷೆ ಮಾಡುವ ಕಾರ್ಯಕ್ರಮ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಇದೆ. "ಅಲ್ಲಿ ಮಾತ್ರೆ ಇರಲ್ಲ ಸಿಸ್ಟರ್, ಡಾಕ್ಟ್ರು ಸಿಗಲ್ಲ" ಅಂತ ನೀವು ಹೇಳುವುದು ನಮಗೆ ಗೊತ್ತು. ಕೆಲವೊಮ್ಮೆ ಅದು ನಿಜವೂ ಹೌದು. ಒಬ್ಬಳೇ ಹೋದರೆ ವಾಪಸ್ಸು ಕಳಿಸಬಹುದು. ಹತ್ತು ಮಂದಿ ಸಂಘದ ಪುಸ್ತಕ ಹಿಡಿದು ಹೋಗಿ ಕೇಳಿದರೆ ಉತ್ತರ ಕೊಡಲೇಬೇಕಾಗುತ್ತದೆ. ಗ್ರಾಮಸಭೆಯಲ್ಲೂ ಈ ಪ್ರಶ್ನೆ ಎತ್ತಿ. ಬಂದುಹೋಗುವ ಶಿಬಿರದಿಂದಾಗಿ ಸರ್ಕಾರಿ ಆಸ್ಪತ್ರೆಯನ್ನು ಕೇಳುವ ನಮ್ಮ ಹಕ್ಕನ್ನು ಮರೆಯಬಾರದು.

ದೊಡ್ಡ ಆಪರೇಷನ್ ಬೇಕಾದರೆ 2018ರಿಂದ ಜಾರಿಯಲ್ಲಿರುವ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆ ಇದೆ. ಬಿ.ಪಿ.ಎಲ್. ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ ತನಕ ಚಿಕಿತ್ಸೆ ಸಿಗುತ್ತದೆ. ಆದರೆ ತುರ್ತು ಅಲ್ಲದ ಚಿಕಿತ್ಸೆಗೆ ಖಾಸಗಿ ಆಸ್ಪತ್ರೆಗೆ ಹೋಗಬೇಕಾದರೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು. ಶಿಬಿರದ ಚೀಟಿಯೊಂದೇ ಸಾಲದು. ಇದು ಗೊತ್ತಿಲ್ಲದೆ ನೇರವಾಗಿ ಹೋಗಿ, ಒಡವೆ ಅಡವಿಟ್ಟು ಬಿಲ್ಲು ಕಟ್ಟಿದವರು ಇದ್ದಾರೆ. ಮೊದಲು ತಾಲ್ಲೂಕು ಆಸ್ಪತ್ರೆಗೆ ಹೋಗಿ ವಿಚಾರಿಸಿ.

ಮಳ್ಳೂರಿನ ಹಾಲು

ಬಂದುಹೋಗುವ ಡಾಕ್ಟರ ಸೇವೆಯನ್ನು ಊರಲ್ಲೇ ನಿಲ್ಲಿಸಿಕೊಳ್ಳಲು ಸಾಧ್ಯವೇ? ನಮ್ಮ ರಾಜ್ಯದಲ್ಲೇ ಒಂದು ಉದಾಹರಣೆ ಇದೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜನ್ನು ಭಾರತದ ಕಥೋಲಿಕ ಧರ್ಮಾಧ್ಯಕ್ಷರು 1963ರಲ್ಲಿ ಆರಂಭಿಸಿದರು. ಹಳ್ಳಿಗಾಡಿನ ಬಡವರಿಗೆ ಡಾಕ್ಟರರನ್ನು ಕೊಡಬೇಕೆಂಬುದು ಅದರ ಒಂದು ಉದ್ದೇಶ. ಆ ಕಾಲೇಜಿನವರು 1973ರಲ್ಲಿ ಶಿಡ್ಲಘಟ್ಟ ತಾಲ್ಲೂಕಿನ ಮಳ್ಳೂರಿನಲ್ಲಿ ಊರವರ ಜೊತೆ ಸೇರಿ ಆರೋಗ್ಯ ಸಹಕಾರ ಸಂಘ ಕಟ್ಟಿದರು. ಆಗ ಅದು ಕೋಲಾರ ಜಿಲ್ಲೆ, 2007ರಿಂದ ಚಿಕ್ಕಬಳ್ಳಾಪುರ ಜಿಲ್ಲೆ. ಮಳ್ಳೂರಿನಲ್ಲಿ ಹಾಲು ಉತ್ಪಾದಕರ ಸಹಕಾರ ಸಂಘ ಚೆನ್ನಾಗಿ ನಡೆಯುತ್ತಿತ್ತು. ಆ ಹಾಲಿನ ಹಣದಲ್ಲಿ ಒಂದು ಪಾಲನ್ನು ಊರಿನ ಆರೋಗ್ಯಕ್ಕೆ ತೆಗೆದಿಟ್ಟರು. ಡಾಕ್ಟರರು ಹೊರಗಿನವರು, ಹಣ ಊರಿನದು. ಹಣ ಊರಿನದಾದ್ದರಿಂದ ಕೇಳುವ ಹಕ್ಕೂ ಊರಿನದಾಯಿತು.

ನಮ್ಮ ಸಂಘಗಳಲ್ಲಿ ಹಾಲಿನ ಹಣ ಇಲ್ಲದಿರಬಹುದು, ಉಳಿತಾಯ ಇದೆ. ಇಪ್ಪತ್ತು ಸದಸ್ಯೆಯರು ತಿಂಗಳಿಗೆ ತಲಾ 10 ರೂಪಾಯಿ ಆರೋಗ್ಯ ನಿಧಿಗೆ ಹಾಕಿದರೆ ತಿಂಗಳಿಗೆ 200, ವರ್ಷಕ್ಕೆ 2,400 ರೂಪಾಯಿ. ಇದರಿಂದ ಆಪರೇಷನ್ ಆಗುವುದಿಲ್ಲ, ನಿಜ. ಆದರೆ ಬಸ್ ಚಾರ್ಜು, ಆಟೋ ಬಾಡಿಗೆ, ಜೊತೆಗೆ ಹೋದವರ ಊಟಕ್ಕೆ ಸಾಕು. ಎಷ್ಟೋ ಮಂದಿ ಆಸ್ಪತ್ರೆಗೆ ಹೋಗದೆ ಉಳಿಯುವುದು ಚಿಕಿತ್ಸೆಯ ಖರ್ಚಿಗಿಂತ ಈ ಸಣ್ಣ ಖರ್ಚಿಗಾಗಿ. ಹನಿ ಹನಿಗೂಡಿದರೆ ಹಳ್ಳ ಅಂತ ಸುಮ್ಮನೆ ಹೇಳಿಲ್ಲ. ಇನ್ನೂ ಸ್ವಲ್ಪ ಕೂಡಿದರೆ ಬಿ.ಪಿ. ನೋಡುವ ಒಂದು ಸಣ್ಣ ಯಂತ್ರ ಕೊಳ್ಳಬಹುದು. ಅದನ್ನು ಬಳಸುವುದನ್ನು ಆಶಾ ಕಾರ್ಯಕರ್ತೆಯಿಂದಲೋ ಆರೋಗ್ಯ ಕೇಂದ್ರದ ಸಿಸ್ಟರಿಂದಲೋ ಕಲಿಯಿರಿ.

ಒಂದು ಸೂಕ್ಷ್ಮ ಮಾತು

"ಚರ್ಚಿನವರ ಕ್ಯಾಂಪು, ಹೋದರೆ ಜಾತಿ ಕೆಡಿಸ್ತಾರೆ" ಅಂತ ಕೆಲವು ಕಡೆ ಮಾತು ಹುಟ್ಟುತ್ತದೆ. ಮುಚ್ಚುಮರೆ ಇಲ್ಲದೆ ಹೇಳುತ್ತೇವೆ: ಮಾತ್ರೆಗೆ ಬದಲಾಗಿ ಯಾರ ನಂಬಿಕೆಯನ್ನೂ ಕೇಳಬಾರದು. ಹಾಗೆ ಕೇಳುವುದು ಸೇವೆಯಲ್ಲ, ವ್ಯಾಪಾರ. ಸಮಾರಿಯದವನು ಗಾಯಗೊಂಡವನ ಮತ ಯಾವುದೆಂದು ವಿಚಾರಿಸಲಿಲ್ಲ. ನಮ್ಮ ಸಂಘಗಳಲ್ಲಿ ಎಲ್ಲ ಜಾತಿ ಧರ್ಮದ ಹೆಂಗಸರು ಒಂದೇ ಚಾಪೆಯ ಮೇಲೆ ಕೂರುತ್ತೇವೆ. ಶಿಬಿರದ ಸಾಲೂ ಹಾಗೆಯೇ ಇರಬೇಕು. ಬಂದ ತಂಡದವರು ಯಾರೇ ಇರಲಿ, ಚಿಕಿತ್ಸೆಗೆ ಷರತ್ತು ಹಾಕಿದರೆ ನೀವು ಎದ್ದು ಪ್ರಶ್ನೆ ಮಾಡಿ, ನಮಗೂ ತಿಳಿಸಿ.

ಕೊನೆಯದಾಗಿ

ಆ ತಾಯಿಯ ವಿಷಯ ಹೇಳಿ ಮುಗಿಸುತ್ತೇವೆ. ಬಲಗೈಗೆ ಇನ್ನೂ ಶಕ್ತಿ ಬಂದಿಲ್ಲ. ಬರುವುದೂ ಕಷ್ಟ ಎಂದಿದ್ದಾರೆ. ಆದರೆ ಕೋಲು ಹಿಡಿದು ಸಭೆಗೆ ಬರುತ್ತಾರೆ. ತಿಂಗಳು ತಿಂಗಳು ಆರೋಗ್ಯ ಕೇಂದ್ರದಿಂದ ಮಾತ್ರೆ ತರಲು ಸೊಸೆ ಹೋಗುತ್ತಾಳೆ. ಆರೋಗ್ಯ ಪುಸ್ತಕ ತೆಗೆದಾಗ ಸಭೆಯಲ್ಲಿ ಮೊದಲು ಕೇಳಿಸುವುದು ಅವರ ದನಿ. ಮಾತು ಇನ್ನೂ ತೊದಲುತ್ತದೆ. ಆದರೂ ಒಬ್ಬೊಬ್ಬರ ಮುಖ ನೋಡಿ, "ಮಾತ್ರೆ ತಗೊಂಡ್ಯಾ?" ಅಂತ ಕೇಳುತ್ತಾರೆ. ಅವರಿಗೆ ಸುಳ್ಳು ಹೇಳಲು ಯಾರಿಗೂ ಬಾಯಿ ಬರುವುದಿಲ್ಲ.

ಅಂದು ಆ ಪ್ರಶ್ನೆಯನ್ನು ನಾವು ಅವರಿಗೆ ಕೇಳಬೇಕಿತ್ತು. ಇನ್ನಾದರೂ ಒಬ್ಬರನ್ನೊಬ್ಬರು ಕೇಳೋಣ.

ಸಂಘದಲ್ಲಿ ಚರ್ಚಿಸಿ

1. ನಮ್ಮ ಊರಿನಲ್ಲಿ ಕಳೆದ ಸಲ ಶಿಬಿರ ನಡೆದದ್ದು ಯಾವಾಗ? ಅಲ್ಲಿ ಕಾಯಿಲೆ ಪತ್ತೆಯಾದವರು ಈಗ ಹೇಗಿದ್ದಾರೆ?
2. ಮನೆಯಲ್ಲಿ ಜೋಪಾನವಾಗಿ ಇಟ್ಟಿರುವ ಹಳೆಯ ಚೀಟಿಗಳನ್ನು ಮುಂದಿನ ಸಭೆಗೆ ತನ್ನಿ. ಅವುಗಳಲ್ಲಿ ಏನು ಬರೆದಿದೆ ಎಂದು ಆಶಾ ಕಾರ್ಯಕರ್ತೆಯನ್ನೋ ಆರೋಗ್ಯ ಕೇಂದ್ರದ ಸಿಸ್ಟರನ್ನೋ ಕೇಳಿ ತಿಳಿಯಿರಿ.
3. ನಮ್ಮ ಆರೋಗ್ಯ ಕೇಂದ್ರದಲ್ಲಿ ಬಿ.ಪಿ., ಶುಗರ್ ಮಾತ್ರೆ ಪ್ರತಿ ತಿಂಗಳು ಸಿಗುತ್ತಿದೆಯೇ? ಸಿಗದಿದ್ದರೆ ಯಾರು, ಯಾವ ದಿನ ಹೋಗಿ ಕೇಳುವುದು?
4. ಆರೋಗ್ಯ ನಿಧಿಗೆ ತಿಂಗಳಿಗೆ ಎಷ್ಟು ಹಾಕಬಲ್ಲೆವು?

ಈ ತಿಂಗಳ ನಿರ್ಣಯ (ನಡಾವಳಿ ಪುಸ್ತಕದಲ್ಲಿ ಬರೆದು ಎಲ್ಲರೂ ಸಹಿ ಮಾಡಿ): 'ಇಂದಿನಿಂದ ನಮ್ಮ ಸಂಘದಲ್ಲಿ ಆರೋಗ್ಯ ಪುಸ್ತಕ ಇಡುತ್ತೇವೆ. ಪ್ರತಿ ಸಭೆಯಲ್ಲೂ ಹಾಜರಿಯ ನಂತರ ಅದನ್ನು ತೆರೆಯುತ್ತೇವೆ.'

ದೇವರು ನಿಮ್ಮೆಲ್ಲರಿಗೂ ಒಳ್ಳೆಯ ಆರೋಗ್ಯ ಕೊಡಲಿ.